ಬಾಯ್ಬಿಟ್ರೆ ಬಣ್ಣಗೇಡು, ಅದೂ ಫ್ರೀ ಕ್ಯಾಂಪಲ್ಲಿ

ಹೋದ ಭಾನುವಾರ ನಮ್ಮ ವಾರ್ಡಿನ ಪಾರ್ಕಲ್ಲಿ ಉಚಿತ ದಂತ ತಪಾಸಣಾ ಶಿಬಿರ ಅಂತ ಫ್ಲೆಕ್ಸ್ ಕಟ್ಟಿದ್ರು, ಅದ್ರಲ್ಲಿ ಕಾಣ್ತಿದ್ದ ದಂತ ಅಂದ್ರೆ ಮಾಜಿ ಕಾರ್ಪೊರೇಟರ್ ಸಾಹೇಬ್ರದ್ದೇ, ಒಂದೊಂದು ಹಲ್ಲೂ ಇಡ್ಲಿ ಸೈಜು, ಡಾಕ್ಟರ್ ಹೆಸರು ಓದೋಕೆ ನಾನು ಕನ್ನಡಕ ಹಾಕ್ಕೊಂಡು ಬಗ್ಗಬೇಕಾಯ್ತು. ಸಾಹೇಬ್ರ ಹುಟ್ಟುಹಬ್ಬ ಅಂತೆ. 10 ಗಂಟೆಗೆ ಅಂದಿದ್ದು ಶುರುವಾಗಿದ್ದು 12.15ಕ್ಕೆ.

ಮೈಸೂರು ಪೇಟ, ಶಾಲು, ಏಲಕ್ಕಿ ಹಾರ ಎಲ್ಲಾ ಮುಗಿದ ಮೇಲೆ ಸಾಹೇಬ್ರು ಅರ್ಧ ಗಂಟೆ ಬಾಯಿ ತೆರೆದ್ರು, ನಮ್ಮ ಬಾಯಿ ನೋಡೋಕೆ ಬಂದಿದ್ದ ಡಾಕ್ಟರಮ್ಮ ಟಾರ್ಚ್ ಹಿಡ್ಕೊಂಡು ಸುಮ್ನೆ ಕೂತಿದ್ರು. ಅಷ್ಟೊತ್ತಿಗೆ ಕೇಸರಿಬಾತ್ ಬಂತು ನೋಡಿ. ಹಲ್ಲಿಗಂಟಿದ ಸಕ್ಕರೆನ ಬ್ಯಾಕ್ಟೀರಿಯಾ ತಿಂದು ಆಸಿಡ್ ಮಾಡುತ್ತೆ, ಹುಳುಕು ಹತ್ತೋದೇ ಹಂಗೆ ಅಂತ ಆಯಮ್ಮ ಹೇಳ್ತಿದ್ರೆ ಜನ ದೊನ್ನೆ ನೆಕ್ತಾ ಹೌದೌದು ಅಂತಿದ್ರು.

ಎದುರುಮನೆ ರಾಯರು ಮೊದ್ಲು ಕೂತ್ರು. "ಮೇಲಿನ ಹಲ್ಲು ಕೀಳಿಸಿದ್ರೆ ಕಣ್ಣು ಹೋಗುತ್ತಂತಲ್ಲಮ್ಮ?"

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಸರ್."

"ನಮ್ಮ ಭಾವನಿಗೆ ಹಲ್ಲು ಕಿತ್ತಮೇಲೇ ಕಣ್ಣು ಮಂಜಾಗಿದ್ದು."

"ಆಗ ಅವ್ರಿಗೆ ವಯಸ್ಸೆಷ್ಟು?"

"ಎಪ್ಪತ್ತೆರಡು."

ಈ ಭಯಕ್ಕೇ ರಾಯರು ಮೂರು ವರ್ಷದಿಂದ ಒಂದೇ ದವಡೇಲಿ ಅಗೀತಿದ್ದಾರೆ, ಕಡಲೆಕಾಯಿ ಪರಿಷೆಗೆ ಹೋದ್ರೂ ವಾಸನೆ ಕುಡ್ಕೊಂಡು ಬರ್ತಾರೆ. ಅವ್ರ ಹಿಂದಿದ್ದ ಆಂಟಿಗೆ ಕ್ಲೀನಿಂಗ್ ಮಾಡಿಸಿದ್ರೆ ಹಲ್ಲು ಸಡಿಲ ಆಗುತ್ತೆ ಅನ್ನೋ ಚಿಂತೆ. ಪಾಚಿ ಕಲ್ಲಾಗಿ ವಸಡು ಇಳಿದಿರೋದ್ರಿಂದ ಸಡಿಲ ಆಗೋದಮ್ಮ, ಕಲ್ಲು ತೆಗೆದಾಗ ಸಂದು ಕಣ್ಣಿಗೆ ಬೀಳುತ್ತೆ ಅಷ್ಟೇ ಅಂದ್ರೆ "ಅದೇ ಕಣಮ್ಮ, ಇರ್ಲಿ ಬಿಡು, ಆಸರೆಗೆ" ಅಂದುಬಿಟ್ರು!

ಫ್ಲೆಕ್ಸ್ ಕಟ್ಟಿದ ಹುಡುಗನ್ನ ಸಾಹೇಬ್ರೇ ಫೋಟೋಗೆ ಅಂತ ಕೂರಿಸಿದ್ರು. ಮೂರು ಬೆರಳು ಬಾಯೊಳಗೆ ಹಿಡಿಸುತ್ತಾ ನೋಡಪ್ಪ ಅಂದ್ರು ಡಾಕ್ಟರಮ್ಮ, ಒಂದೂವರೆ ಬೆರಳಿಗೇ ನಿಂತೋಯ್ತು, ಅಡಿಕೆ ಗುಟ್ಕಾ ಜಗಿದೂ ಜಗಿದೂ ಕೆನ್ನೆ ಒಳಗೆ ಬಿಗಿದುಕೊಂಡಿದೆ. ಗುಟ್ಕಾನ ರಾಜ್ಯದಲ್ಲಿ 2013ರಲ್ಲೇ ಬ್ಯಾನ್ ಮಾಡಿದ್ದಾರಲ್ಲ, ಹಂಗಾಗಿ ಪಾಪ ಪಾರ್ಕ್ ಗೇಟ್ ತನಕ ನಡೀಬೇಕು. ಇದು ಕ್ಯಾನ್ಸರಿಗೆ ತಿರುಗಬಹುದು, ನಾಳೆನೇ ಕೋಟೆ ಹತ್ರ ಸರ್ಕಾರಿ ಡೆಂಟಲ್ ಕಾಲೇಜಿಗೆ ಬಾ ಅಂದಾಗ ಕ್ಯಾಮೆರಾದವನು ಕ್ಯಾಮೆರಾ ಇಳಿಸಿದ.

ಆಮೇಲೆ ಕಿಟ್ ಹಂಚಿದ್ರು. ಮೆತ್ತಗಿನ ಬ್ರಶ್ ತಗೊಳ್ಳಿ, ದಿನಕ್ಕೆ 2 ಸಲ, 2 ನಿಮಿಷ, ಗಸಗಸ ಉಜ್ಜಬೇಡಿ, ಸವೆದ ಎನಾಮಲ್ ಮತ್ತೆ ಬೆಳೆಯಲ್ಲ ಅಂತ ಈಗಷ್ಟೇ ಕೇಳಿದ್ವಲ್ಲ, ಕಿಟ್ಟಲ್ಲಿದ್ದ ಬ್ರಶ್ಶಲ್ಲಿ ಬಚ್ಚಲು ತಿಕ್ಕಬಹುದು. ಹಿಡಿ ಮೇಲೆ ಸಾಹೇಬ್ರ ಫೋಟೋ ಬೇರೆ.

ಕೊನೆಗೆ ನಂದು. ಲಾಕ್‌ಡೌನ್ ಟೈಮಲ್ಲಿ ಒಂದು ದವಡೆ ಹಲ್ಲು ಕೀಳಿಸಿದ್ದೆ, ಜಾಗ ಹಂಗೇ ಬಿಟ್ಟಿದ್ದೀನಿ, ಪರ್ವಾಗಿಲ್ವಾ ಮೇಡಂ ಅಂದೆ.

"ಖಾಲಿ ಬಿಡಬಾರ್ದು ಸರ್, ಅಕ್ಕಪಕ್ಕದ ಹಲ್ಲು ಆ ಕಡೆ ವಾಲುತ್ತೆ, ಎದುರಿನ ಹಲ್ಲು ಜಾಗ ಬಿಟ್ಟು ಬರುತ್ತೆ, ಆಮೇಲೆ ಕಚ್ಚೋ ಲೆಕ್ಕನೇ ತಪ್ಪುತ್ತೆ."

ರಾಯರು ಹಿಂದಿಂದ ಬಾಯಿ ಹಾಕಿದ್ರು: "ನಮ್ಮ ಕಾರ್ಪೊರೇಟರ್ ಸೀಟೂ 2020ರ ಸೆಪ್ಟೆಂಬರಲ್ಲಿ ಖಾಲಿಯಾಗಿದ್ದು ಕಣಮ್ಮ, ಆಮೇಲೆ ಒಂದು ಪಾಲಿಕೆ ಒಡೆದು ಐದು ಮಾಡಿದ್ರು, ಸೀಟಿಗೊಂದು ಹಲ್ಲು ಕಟ್ಟೋಕೆ ಪುರುಸೊತ್ತಾಗ್ಲಿಲ್ಲ."

ಸಾಹೇಬ್ರು ನಕ್ಕರು. ಫ್ಲೆಕ್ಸಲ್ಲಿದ್ದಂಗೇ, ಮೂವತ್ತೆರಡೂ ಕಾಣೋ ಹಾಗೆ.