ವಿಮಾನ ಎಲ್ಲಿದೆ ತೋರಿಸಿ ನೋಡೋಣ

ನೂರು ವರ್ಷ ದಾಟಿದ ವಿಮಾನದ ಫೋಟೊ ಪೋಸ್ಟ್‌ಕಾರ್ಡು ಕೂಡಿಹಾಕುವ ಹುಚ್ಚು ನನಗೆ. ಯಾರಿಗೆ ತೋರಿಸಿದರೂ ಕೇಳುವುದು ಒಂದೇ, "ವಿಮಾನ ಎಲ್ಲಿ?" ಕೇಳಲಿ ಬಿಡಿ, ನ್ಯಾಯವೇ. ಅರ್ಧ ಕಾರ್ಡು ಟೋಪಿ ಹಾಕಿದ ಜನರ ಬೆನ್ನು. ಉಳಿದರ್ಧ ಬಿಳೀ ಆಕಾಶ. ಅದರ ಮೂಲೆಯಲ್ಲೊಂದು ಕಪ್ಪು ಚುಕ್ಕಿ. ಆ ಚುಕ್ಕಿಯೇ ವಿಮಾನ!

1909ರ ಆಗಸ್ಟ್‌ನಲ್ಲಿ ಫ್ರಾನ್ಸಿನ ರೀಮ್ಸ್ ಹತ್ತಿರ ಒಂದು ವಾರ ವಿಮಾನಗಳ ಜಾತ್ರೆ ನಡೆಯಿತು. ಆಗಿನದೊಂದು ಕಾರ್ಡನ್ನು ಮೊನ್ನೆ ನಮ್ಮ ಸೋದರತ್ತೆಯ ಕೈಗೆ ಕೊಟ್ಟೆ. ಕಣ್ಣು ಕಿರಿದು ಮಾಡಿ ನೋಡಿದರು.

"ನೊಣ ಗಲೀಜು ಮಾಡಿದೆಯಲ್ಲೋ" ಎಂದವರೇ ಬೆರಳಿಗೆ ಎಂಜಲು ಹಚ್ಚಿ ಉಜ್ಜತೊಡಗಿದರು.

"ಅಯ್ಯೋ ಅತ್ತೇ, ಅದು ಬ್ಲೇರಿಯೊ!"

"ಯಾವ ನೊಣ ಆದರೇನು, ಗಲೀಜು ಗಲೀಜೇ."

ಈ ಕಾರ್ಡುಗಳ ಮೇಲಿರುವುದು ಜೆಲಟಿನ್ ಪದರ. ಒದ್ದೆಯಾದರೆ ಉಬ್ಬಿ ಮೆತ್ತಗಾಗುತ್ತದೆ. ಅದೇ ವರ್ಷ ಜುಲೈ 25ಕ್ಕೆ ಇಂಗ್ಲಿಷ್ ಕಡಲ್ಗಾಲುವೆಯನ್ನೇ ವಿಮಾನದಲ್ಲಿ ಹಾರಿ ದಾಟಿದ್ದ ಫ್ರಾನ್ಸಿನ ಬ್ಲೇರಿಯೊ, ನಮ್ಮತ್ತೆಯ ಹೆಬ್ಬೆರಳು ದಾಟಲಾರದೆ ಹೋದ.

ಚುಕ್ಕಿಯ ತಾಪತ್ರಯ ಆಗಿನ ಫೋಟೊದವರಿಗೂ ಇತ್ತು. ದೂರದ್ದನ್ನು ಹತ್ತಿರ ತರುವ ಲೆನ್ಸು ಎಲ್ಲರ ಹತ್ತಿರ ಇರಲಿಲ್ಲ. ಫೋಟೊ ಮೂಡುವ ಗಾಜಿನ ಪ್ಲೇಟಿನಿಂದ ತೆಗೆದ ಚಿತ್ರದಲ್ಲಿ ನೀಲಿ ಆಕಾಶ ಬೆಳ್ಳಗೆ ಬೀಳುತ್ತಿತ್ತು. ಖಾಲಿ ಜಾಗ ಸುಮ್ನೆ ಯಾಕೆ ಬಿಡಬೇಕು ಅಂತ ಕೆಲವರು ಬೇರೆ ಫೋಟೊದ ವಿಮಾನ ಕತ್ತರಿಸಿ ಅಂಟಿಸಿದರು, ಅದನ್ನೇ ಮತ್ತೆ ಫೋಟೊ ತೆಗೆದು ಮಾರಿದರು. ನನ್ನ ಬಳಿಯ ಎರಡು ಕಾರ್ಡುಗಳಲ್ಲಿ ಒಂದೇ ವಿಮಾನ, ಒಂದೇ ಓರೆಯಲ್ಲಿ, ಇಲ್ಲಿ ಚರ್ಚಿನ ಮೇಲೆ, ಅಲ್ಲಿ ಸಮುದ್ರದ ಮೇಲೆ. ಕೆಳಗಿನ ಜನರಲ್ಲಿ ಒಬ್ಬರೂ ತಲೆ ಎತ್ತಿಲ್ಲ. ಪಾಪ, ಅಂಟಿಸುವುದನ್ನು ಅವರಿಗೆ ಯಾರು ಹೇಳಿದ್ದರು?

ಇನ್ನು ಸ್ಟುಡಿಯೊ ಕಾರ್ಡುಗಳ ಗತ್ತೇ ಬೇರೆ. ಹಿಂದೆ ಪರದೆಯ ಮೇಲೆ ಬರೆದ ಮೋಡ, ಮುಂದೆ ಬಣ್ಣ ಬಳಿದ ಹಲಗೆಯ ವಿಮಾನ. ಅದರೊಳಗೆ ಮೀಸೆ ತಿರುವಿದ ಯಜಮಾನರು, ಪಕ್ಕದಲ್ಲಿ ಗರಿ ಸಿಕ್ಕಿಸಿದ ಟೋಪಿಯ ಹೆಂಡತಿ. ಆಕಾಶದಲ್ಲಿ ಹಾರುತ್ತಿದ್ದಾರಂತೆ, ಒಂದು ಗರಿಯೂ ಅಲ್ಲಾಡಿಲ್ಲ. ನನಗಂತೂ ಅಸಲಿ ಹಾರಾಟದ ಕಾರ್ಡುಗಳಿಗಿಂತ ಇವೇ ಜಾಸ್ತಿ ಇಷ್ಟ.

ಅತ್ತೆಗೂ ಹಿಡಿಸಿತು. ತುಂಬಾ ಹೊತ್ತು ನೋಡಿ ವಾಪಸ್ ಕೊಟ್ಟರು.

"ನೋಡು, ಇದರಲ್ಲಿ ವಿಮಾನ ಎಷ್ಟು ಚೆನ್ನಾಗಿ ಕಾಣ್ತಿದೆ! ಇಂಥದ್ದು ತಗೋ."