ಕತ್ತರಿಗೆ ಸಿಕ್ಕ ಆನೆ

ಪೆನ್ಸಿಲ್ಲಿಗೆ ಹಿಂಜರಿಯುವ ಸೌಲಭ್ಯ ಉಂಟು. ಗೆರೆ ಸೊಟ್ಟಗಾದರೆ ರಬ್ಬರ್ ಇದೆ, ಅದೂ ಆಗದಿದ್ದರೆ ‘ನೆರಳು’ ಅಂತ ನಾಲ್ಕು ಗೀಟು ಎಳೆದು ಮುಚ್ಚಿಬಿಡಬಹುದು. ಕತ್ತರಿಗೆ ಆ ಭಾಗ್ಯವಿಲ್ಲ. ಕಚಕ್ ಅಂದಿತೋ ಮುಗಿಯಿತು. ತುಂಡಾದ ಇಲಿಯ ಬಾಲವನ್ನು ಮತ್ತೆ ಅಂಟಿಸಿದರೆ ಆ ಜೋಡಣೆ ಅಚ್ಚಿನಲ್ಲಿ ಎದ್ದು ಕಾಣುತ್ತದೆ. ಹಾಗಿದ್ದೂ ಮಕ್ಕಳ ಪುಸ್ತಕದ ಕಲಾವಿದರಲ್ಲಿ ಕೆಲವರು ಕುಂಚ ಪಕ್ಕಕ್ಕಿಟ್ಟು ಕತ್ತರಿ ಹಿಡಿಯುತ್ತಾರೆ. ಎಡ್ ಯಂಗ್ ಅಂಥವರು.

ಯಂಗ್ ಹುಟ್ಟಿದ್ದು 1931ರಲ್ಲಿ, ಚೀನಾದ ಟಿಯಾಂಜಿನ್‌ನಲ್ಲಿ. ಬೆಳೆದದ್ದು ಶಾಂಘೈಯಲ್ಲಿ, ಎಂಜಿನಿಯರ್ ತಂದೆ ಕಟ್ಟಿದ ಮನೆಯಲ್ಲಿ. ಮಗನೂ ಮನೆ ಕಟ್ಟಲಿ ಎಂಬಂತೆ 1951ರಲ್ಲಿ ವಾಸ್ತುಶಿಲ್ಪ ಓದಲು ಅಮೆರಿಕಕ್ಕೆ ಹೋದರು. ಅದನ್ನು ನಡುವೆ ಬಿಟ್ಟು ಲಾಸ್ ಏಂಜಲೀಸ್‌ನ ಕಲಾಶಾಲೆ ಸೇರಿದರು. ಆಮೇಲೆ ನ್ಯೂಯಾರ್ಕ್‌ನಲ್ಲಿ ಜಾಹೀರಾತಿನ ಕೆಲಸ. ಊಟದ ಬಿಡುವಿನಲ್ಲಿ ಸೆಂಟ್ರಲ್ ಪಾರ್ಕಿನ ಮೃಗಾಲಯಕ್ಕೆ ಹೋಗಿ ಪ್ರಾಣಿಗಳ ಚಿತ್ರ ಬರೆಯುತ್ತಿದ್ದರು. ಪ್ರಾಣಿ ಹೇಳಿದಂತೆ ಕೂರುವ ಮಾಡೆಲ್ ಅಲ್ಲ. ಒಂದೇ ಹಾಳೆಯಲ್ಲಿ ಐದಾರು ಭಂಗಿ ಶುರುಮಾಡಿ, ಕರಡಿ ಯಾವ ಭಂಗಿಗೆ ಮರಳುತ್ತದೋ ಆ ಗೆರೆಯನ್ನು ಮುಂದುವರಿಸಬೇಕು. ಕೂದಲು, ಉಗುರು ಎಂದು ಕೂತರೆ ಕರಡಿ ಎದ್ದು ಹೋಗಿರುತ್ತದೆ. ಬೆನ್ನಿನ ಬಾಗು, ತಲೆಯ ಭಾರ ಇಷ್ಟು ಸಿಕ್ಕರೆ ಸಾಕು. ಏನನ್ನು ಬಿಡಬೇಕು ಎನ್ನುವ ವಿದ್ಯೆ ಬೋನಿನ ಮುಂದೆ ಬಂದಷ್ಟು ಬೇಗ ತರಗತಿಯಲ್ಲಿ ಬರುವುದಿಲ್ಲ.

1962ರಲ್ಲಿ ಬಂದ ಅವರ ಮೊದಲ ಪುಸ್ತಕವೇ ಇಲಿಯದ್ದು, ಅದೂ ಕೆಟ್ಟ ಬುದ್ಧಿಯ ಇಲಿಯದ್ದು. ಆಮೇಲೆ 80ಕ್ಕೂ ಹೆಚ್ಚು ಪುಸ್ತಕಗಳಿಗೆ ಚಿತ್ರ ಮಾಡಿದರು.

1967ರ ‘ದಿ ಎಂಪರರ್ ಅಂಡ್ ದ ಕೈಟ್’ಗೆ ಅವರು ಆಯ್ದದ್ದು ಚೀನೀಯರ ಹಳೆಯ ಕಾಗದ ಕತ್ತರಿಸುವ ಕಲೆ. ನೋಡಲು ಸಲೀಸು, ಮಾಡಲು ಕೂತರೆ ಕ್ರಮ ತಪ್ಪುವುದೇ ಹೆಚ್ಚು. ಮೊದಲು ಒಳಗಿನ ಕಿಂಡಿಗಳು, ಕಣ್ಣು, ಮಡಿಕೆ, ಜಾಲರಿ ಎಲ್ಲ ಮುಗಿಯಬೇಕು, ಹೊರ ಅಂಚು ಕೊನೆಗೆ. ಅಂಚನ್ನು ಮೊದಲೇ ಕತ್ತರಿಸಿದರೆ ಒಳಗೆ ಬ್ಲೇಡು ಆಡಿಸುವಾಗ ಹಿಡಿತಕ್ಕೆ ಕಾಗದ ಸಾಲದೆ ಕಿಂಡಿಗಳ ನಡುವಿನ ಸಣ್ಣ ಕಾಗದದ ಸೇತುವೆಗಳೆಲ್ಲ ಹರಿದುಹೋಗುತ್ತವೆ. ತಿರುವಿನಲ್ಲಿ ಕೈ ತಿರುಗಿಸಬಾರದು, ಕಾಗದ ತಿರುಗಿಸಬೇಕು. ಬ್ಲೇಡು ಮೊಂಡಾದರೆ ನಾರು ಎಳೆದು ಅಂಚು ಜುಂಗು ಜುಂಗಾಗುತ್ತದೆ. ಬ್ಲೇಡಿನಲ್ಲಿ ಜಿಪುಣತನ ತೋರಿಸಿದವರ ಕೆಲಸ ಒಂದು ಮೊಳ ದೂರದಿಂದಲೇ ಗೊತ್ತಾಗುತ್ತದೆ.

ಇನ್ನು ಪುಟದ ಲೆಕ್ಕ. ಚಿತ್ರಪುಸ್ತಕಕ್ಕೆ ಸಾಮಾನ್ಯವಾಗಿ 32 ಪುಟ. ದೊಡ್ಡ ಹಾಳೆಯ ಒಂದೊಂದು ಬದಿಗೆ 16 ಪುಟ ಅಚ್ಚಾಗಿ, ಮಡಚಿ ಕತ್ತರಿಸಿದರೆ ಅಷ್ಟಾಗುತ್ತದೆ. ಶೀರ್ಷಿಕೆ, ಹಕ್ಕುಸ್ವಾಮ್ಯ, ಅರ್ಪಣೆ ಇವುಗಳಿಗೆ ಮೂರು ನಾಲ್ಕು ಪುಟ ಹೋದರೆ ಕಥೆಗೆ ಉಳಿಯುವುದು ಸುಮಾರು 14 ಜೋಡಿಪುಟ. ಅದಕ್ಕೇ ಮೊದಲು ಬೆರಳುದ್ದದ ಚೌಕಗಳಲ್ಲಿ ಇಡೀ ಪುಸ್ತಕ ಗೀಚಿ, ಆಮೇಲೆ ಮಡಚಿದ ಡಮ್ಮಿ, ಅಂದರೆ ಮಾದರಿ ಪುಸ್ತಕ ಮಾಡಿ ಪುಟ ಹೊರಳಿಸಿ ನೋಡುವುದು. ಎರಡು ಪುಟ ಕೂಡುವ ಮಡಿಕೆಯೇ ದೊಡ್ಡ ಕಂಟಕ. ಮುಖವನ್ನು ಅಲ್ಲಿಟ್ಟರೆ ಹೊಲಿಗೆ ಮೂಗು ನುಂಗುತ್ತದೆ. ಎರಡೂ ಕಡೆ ಒಂದೊಂದು ಸೆಂಟಿಮೀಟರ್ ಜಾಗದಲ್ಲಿ ಮುಖ್ಯವಾದದ್ದೇನೂ ಬೇಡ.

ಯಂಗ್ ಈ ಕಂಟಕವನ್ನು ಪಳಗಿಸಿದ ರೀತಿ 1989ರ ‘ಲೋನ್ ಪೋ ಪೋ’ದಲ್ಲಿದೆ. ಅಜ್ಜಿಯ ವೇಷದ ತೋಳ ಮೂವರು ಹುಡುಗಿಯರ ಮನೆಗೆ ನುಗ್ಗುವ ಚೀನೀ ಕಥೆ. ಚೀನಾದ ಮಡಿಸುವ ಪರದೆಯಂತೆ ಪುಟವನ್ನು ಉದ್ದುದ್ದ ಪಟ್ಟಿಗಳಾಗಿ ಸೀಳಿದ್ದಾರೆ, ಹೀಗಾಗಿ ಮಡಿಕೆಯೂ ಇನ್ನೊಂದು ಸೀಳಾಗಿ ಸೇರಿಹೋಗುತ್ತದೆ. ಒಳಗೆ ಬಂದ ತೋಳ ಮೊದಲು ಮಾಡುವ ಕೆಲಸ ದೀಪ ಆರಿಸುವುದು. ಅಲ್ಲಿಂದ ಮುಂದೆ ಜಲವರ್ಣ ಮತ್ತು ಪೇಸ್ಟಲ್‌ನ ಕತ್ತಲು. ಪೇಸ್ಟಲ್ ಎಂದರೆ ಬಣ್ಣದ ಹುಡಿ; ಕಾಗದಕ್ಕೆ ಅಂಟಿಕೊಳ್ಳದೆ ಕೂತಿರುತ್ತದೆ. ಅದನ್ನು ಹಿಡಿದಿಡಲು ಫಿಕ್ಸೆಟಿವ್ ಸಿಂಪಡಿಸಿದರೆ ಬಣ್ಣ ಒಂದು ಛಾಯೆ ಕಪ್ಪಾಗುತ್ತದೆ, ತಿಳಿಬಣ್ಣಗಳಂತೂ ಮಂಕಾಗುತ್ತವೆ. ಒಂದಡಿ ದೂರದಿಂದ ತೆಳ್ಳಗೆ ಎರಡು ಸಲ ಸಿಂಪಡಿಸಿ, ಬೆಳಕಿನ ಚುಕ್ಕೆಗಳನ್ನು ಕೊನೆಗೆ ಮತ್ತೆ ಇಡುವುದು ರೂಢಿ. ಈ ಪುಸ್ತಕಕ್ಕೆ 1990ರ ಕಾಲ್ಡೆಕಾಟ್ ಪದಕ ಬಂತು, ಅಮೆರಿಕದಲ್ಲಿ ಮಕ್ಕಳ ಚಿತ್ರಪುಸ್ತಕದ ಕಲಾವಿದರಿಗೆ ಕೊಡುವ ಪ್ರಶಸ್ತಿ ಅದು. ಅರ್ಪಣೆ ಯಾರಿಗೆ ಅಂದರೆ, ಲೋಕದ ತೋಳಗಳಿಗೆ. ನಮ್ಮೊಳಗಿನ ಕತ್ತಲೆಗೆ ತಮ್ಮ ಒಳ್ಳೆಯ ಹೆಸರನ್ನು ಎರವಲು ಕೊಟ್ಟದ್ದಕ್ಕೆ! ತೋಳದ ಪರ ಅಷ್ಟಾದರೂ ಯಾರಾದರೂ ಮಾತಾಡಬೇಕಿತ್ತು.

1992ರಲ್ಲಿ ‘ಸೆವೆನ್ ಬ್ಲೈಂಡ್ ಮೈಸ್’. ಕುರುಡರು ಆನೆ ಮುಟ್ಟಿದ ನಮ್ಮ ಕಥೆಯೇ, ‘ಉದಾನ’ ಎಂಬ ಬೌದ್ಧ ಗ್ರಂಥದಲ್ಲಿ ಬುದ್ಧ ಹೇಳಿದ್ದೇ. ಕುರುಡರ ಬದಲು ಏಳು ಬಣ್ಣದ ಏಳು ಇಲಿ, ದಿನಕ್ಕೊಂದು. ಈ ಕಥೆಗೆ ನಾವು ಕಂಡಿರುವ ಚಿತ್ರವನ್ನು ನೆನೆಯಿರಿ: ನಡುವೆ ಇಡೀ ಆನೆ, ಸುತ್ತ ತಡಕಾಡುವ ಕುರುಡರು. ಓದುವ ಮಗುವಿಗೆ ಮೊದಲೇ ಆನೆ ಕಂಡಾಯಿತು, ಇನ್ನು ಕುತೂಹಲವೆಲ್ಲಿ? ಯಂಗ್ ಕಪ್ಪು ಪುಟದ ಮೇಲೆ ಆನೆಯ ಚೂರನ್ನಷ್ಟೇ ಇಡುತ್ತಾರೆ. ಕೆಂಪು ಇಲಿಗೆ ಅದು ಕಂಬ, ಹಸಿರು ಇಲಿಗೆ ಹಾವು. ಭಾನುವಾರ ಬಿಳಿ ಇಲಿ ಆನೆಯ ಮೈಮೇಲೆಲ್ಲ ಓಡಾಡಿದ ಮೇಲೇ ಆನೆ ಪೂರ್ತಿಯಾಗುವುದು. ಅಲ್ಲಿಯವರೆಗೆ ಮಗುವೂ ಕುರುಡೇ. ಇದನ್ನು ಮಾತಿನಲ್ಲಿ ಹೇಳಲು ಹೋದರೆ ಎರಡು ಪುಟದ ಉಪದೇಶವಾಗುತ್ತಿತ್ತು.

ಕಪ್ಪಿನ ಮೇಲೆ ಅಂಟಿಸುವುದು ನಿಜವಾದ ಪರೀಕ್ಷೆ. ಅಂಟು ಎಳ್ಳಷ್ಟು ಹೊರಚೆಲ್ಲಿದರೂ ಒಣಗಿ ಮಿರಮಿರ ಮಿಂಚುತ್ತದೆ. ಮೈದಾ ಅಂಟು ನೀರಾದರೆ ಕಾಗದ ಹಪ್ಪಳದಂತೆ ಸುರುಳಿ ಸುತ್ತುತ್ತದೆ. ರಬ್ಬರ್ ಸೊಲ್ಯೂಷನ್ ಸುರುಳಿ ಮಾಡದು, ಆದರೆ ವರ್ಷ ಕಳೆದಂತೆ ಹಳದಿ ಕಲೆ ಬಿಡುತ್ತದೆ. ಆಮ್ಲವಿಲ್ಲದ ಬಿಳಿ ಅಂಟನ್ನು ಅಂಚಿನವರೆಗೆ ತೆಳ್ಳಗೆ ಸವರಿ, ಮೇಲೆ ಮೇಣದ ಕಾಗದವಿಟ್ಟು, ರಾತ್ರಿಯಿಡೀ ದಪ್ಪ ಪುಸ್ತಕ ಹೇರಿದರೆ ಚಪ್ಪಟೆ ನಿಲ್ಲುತ್ತದೆ. ಅಲ್ಲಿಯವರೆಗೆ ಚೂರುಗಳನ್ನು ಸುಮ್ಮನೆ ಜೋಡಿಸಿಟ್ಟು ಸರಿಸಾಡುತ್ತಿರಬೇಕು. ಕತ್ತರಿಯಲ್ಲಿ ಕಳೆದುಕೊಂಡ ಹಿಂಜರಿಯುವ ಸೌಲಭ್ಯ ಸಿಗುವುದು ಇಲ್ಲೇ: ಕಿವಿಯನ್ನು ಅರ್ಧ ಅಂಗುಲ ಹಿಂದಕ್ಕೆ ಸರಿಸಿದರೆ ಪೆದ್ದು ಆನೆ ಜಾಣ ಆನೆಯಾಗುತ್ತದೆ.

2008ರ ‘ವಾಬಿ ಸಾಬಿ’ ಮೇಲಕ್ಕೆ ತೆರೆದುಕೊಳ್ಳುವ ಪುಸ್ತಕ, ಗೋಡೆಗೆ ತೂಗುಹಾಕಿದ ಚಿತ್ರಪಟದ ಹಾಗೆ. ಅದಕ್ಕಾಗಿ ಯಂಗ್ ಮಾಡಿ ಮುಗಿಸಿದ ಚಿತ್ರಗಳೆಲ್ಲ ಅಚ್ಚಿಗೆ ಹೋಗುವ ಮೊದಲೇ ಕಳೆದುಹೋದವು. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಮೊದಲಿನಿಂದ ಎಲ್ಲವನ್ನೂ ಮತ್ತೆ ಮಾಡಿದರು, ಕೈಗೆ ಸಿಕ್ಕ ಕಾಗದ, ಎಲೆಗಳನ್ನೆಲ್ಲ ಸೇರಿಸಿ. ಎಲೆ ಅಂಟಿಸುವವರಿಗೆ ಒಂದು ಮಾತು: ಮೊದಲು ಹಳೆ ಪತ್ರಿಕೆಯ ನಡುವೆ ಒತ್ತಿಟ್ಟು ಚೆನ್ನಾಗಿ ಒಣಗಿಸಿ, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ. ಅಚ್ಚಿಗಾಗಿ ಫೋಟೋ ತೆಗೆಯುವಾಗ ಎರಡೂ ಪಕ್ಕದಿಂದ ಸಮನಾದ ಓರೆ ಬೆಳಕು ಬೀಳಲಿ, ಒಂದೇ ಕಡೆಯಿಂದ ಬಿದ್ದರೆ ಎಲೆಯ ನೆರಳೇ ಎಲೆಗಿಂತ ದೊಡ್ಡದಾಗಿ ಅಚ್ಚಾಗುತ್ತದೆ. ಅದನ್ನೂ ಬೇಗ ಮುಗಿಸಿ; ಮುದ್ರಕರು ಕಾಯಲು ಸಿದ್ಧರಿದ್ದರೂ ಎಲೆಯ ಬಣ್ಣ ಕಾಯುವುದಿಲ್ಲ.