ಬರಪೊಳೆಗೆ ಕೊಡಗಿನ ಕಡೆಯಲ್ಲೂ ವಿದ್ಯುತ್ ಘಟಕ ಬೇಕೆ?

ಪರ

ಬ್ರಹ್ಮಗಿರಿಯಲ್ಲಿ ಹುಟ್ಟುವ ಬರಪೊಳೆ ಗಡಿ ದಾಟಿ ವಳಪಟ್ಟಣಂ ನದಿ ಸೇರುತ್ತದೆ. ಆಚೆ ಕಣ್ಣೂರು ಜಿಲ್ಲೆಯಲ್ಲಿ ಕೇರಳ ವಿದ್ಯುತ್ ಮಂಡಳಿ ತಲಾ 5 ಮೆಗಾವಾಟ್‌ನ ಮೂರು ಯಂತ್ರ ಕೂರಿಸಿ 2016ರಿಂದ ಕರೆಂಟು ತೆಗೆಯುತ್ತಿದೆ. ಮಳೆ ನಮ್ಮದು, ಕರೆಂಟು ಅವರದು!

ಅಣೆಕಟ್ಟು ಎಂದೊಡನೆ ಹಾರಂಗಿ ತೋರಿಸಿ ಹೆದರಿಸುವವರಿಗೆ ಹೊಳೆಗೆ ಒಂದು ಮೂಟೆ ಸಿಮೆಂಟು ಬಿದ್ದರೂ ಪ್ರಳಯವೇ. ನಾವು ಕೇಳುತ್ತಿರುವುದು ಟ್ರೆಂಚ್ ವಿಯರ್. ಹೊಳೆಯ ತಳಮಟ್ಟಕ್ಕೇ ಅಡ್ಡಲಾಗಿ ಒಂದು ಕಾಂಕ್ರೀಟ್ ಚರಂಡಿ, ಅದರ ಮೇಲೆ ಹರಿವಿನ ದಿಕ್ಕಿಗೆ ಇಳಿಜಾರಾಗಿ ಉಕ್ಕಿನ ಸರಳು. ನೀರು ಸಂದಿಯಲ್ಲಿ ಇಳಿಯುತ್ತದೆ, ಬಂಡೆ ಮೇಲೆಯೇ ಉರುಳಿಹೋಗುತ್ತದೆ. ಮುಳುಗಡೆಯಿಲ್ಲ. ಮುಂದೆ ಮರಳು ತಂಗುವ ತೊಟ್ಟಿ, ಕಾಲುವೆ, ಅದರ ತುದಿಯಲ್ಲಿ ನೀರು ನಿಲ್ಲುವ ಫೋರ್‌ಬೇ ಎಂಬ ತೊಟ್ಟಿ, ಅಲ್ಲಿಂದ ನೀರನ್ನು ಕೆಳಗಿಳಿಸುವ ಪೆನ್‌ಸ್ಟಾಕ್ ಕೊಳವೆ, ಟರ್ಬೈನ್. ಸೆಕೆಂಡಿಗೆ 10 ಘನ ಮೀಟರ್ ನೀರು 100 ಮೀಟರ್ ಕೆಳಗಿಳಿದರೆ, ಶೇ 85 ದಕ್ಷತೆಯಲ್ಲಿ 8.3 ಮೆಗಾವಾಟ್. ನೀರು ಮತ್ತೆ ಹೊಳೆಗೇ. ಕೇರಳದ ಪಾಲಿನಲ್ಲಿ ಒಂದು ಕೊಡವೂ ಕಡಿಮೆಯಾಗದು, ಮತ್ತೆ ಹೇಳುತ್ತೇನೆ, ಮುಳುಗಡೆಯಿಲ್ಲ.

ಬೇಸಿಗೆಯಲ್ಲಿ ಯಂತ್ರ ನಿಲ್ಲುತ್ತದಲ್ಲ ಎನ್ನುತ್ತಾರೆ. ನಿಲ್ಲಲಿ! ಟರ್ಬೈನಿನ ತಿರುಗುವ ಚಕ್ರವಾದ ರನ್ನರ್ ಬಿಚ್ಚಿ, ಮರಳು ತಿಂದ ಅಂಚಿಗೆ ವೆಲ್ಡಿಂಗ್ ತುಂಬಿ ಉಜ್ಜಲು ಅದೇ ಸಮಯ.

ವಿರೋಧ

ವಿರೋಧದ ಪಾಲು ನನಗೆ ಬಂದಿದೆ. ಟ್ರೆಂಚ್ ವಿಯರ್ ಒಳ್ಳೆಯ ವಿನ್ಯಾಸವೇ, ಅದನ್ನು ಅಲ್ಲಗಳೆಯಲಾರೆ. ಆದರೆ ಸರಳಿನ ಸಂದಿಯಷ್ಟೇ ಗಾತ್ರದ ಕಲ್ಲು ಅಲ್ಲೇ ಸಿಕ್ಕಿಕೊಳ್ಳುತ್ತದೆ, ಅದಕ್ಕೆ ಎಲೆ, ಕೊಂಬೆ ಹೆಣೆದುಕೊಳ್ಳುತ್ತವೆ. ಕಕ್ಕಡದ, ಅಂದರೆ ಜುಲೈ–ಆಗಸ್ಟ್‌ನ ಜಡಿಮಳೆ ತಿಂಗಳಿನ ನೆರೆಯಲ್ಲಿ ಇಳಿದು ಅದನ್ನು ಕೆರೆಯುವವರು ಯಾರು?

ಕಾಲುವೆಯದು ಇನ್ನೂ ದೊಡ್ಡ ತಲೆನೋವು. 2018ರಲ್ಲಿ ಕೇರಳಕ್ಕೆ ಹೋಗುವ ಮಾಕುಟ್ಟ ರಸ್ತೆಯಲ್ಲಿ ಬರೆ (ರಸ್ತೆ ಬದಿಯ ಮಣ್ಣಿನ ದಿಬ್ಬ) ಜರಿದದ್ದು, 2019ರಲ್ಲಿ ತೋರ ಗ್ರಾಮದಲ್ಲಿ ಬೆಟ್ಟವೇ ಇಳಿದದ್ದು ಗೊತ್ತಿರುವುದೇ. ಅಂಥ ಇಳಿಜಾರನ್ನು ಕಡಿದು ಕಾಲುವೆ ಮಾಡಿದರೆ ಕಾಂಕ್ರೀಟಿನ ಬಿರುಕಿನಲ್ಲಿ ಜಿನುಗುವ ನೀರು ಕೆಳಗಿನ ಮಣ್ಣನ್ನು ಸಡಿಲಿಸುತ್ತದೆ. ಕಾಲುವೆಯ ಕೆಳಗಿನ ಒರತೆ ಕೆಂಪಾಗಿ ಹರಿಯತೊಡಗಿದರೆ ಕೂಡಲೇ ಗೇಟು ಮುಚ್ಚಬೇಕು. ವಿಯರಿನಿಂದ ವಿದ್ಯುದಾಗಾರದವರೆಗಿನ ಹೊಳೆಗೆ, ಹೊಳೆಗೆಂದೇ ಒಂದಿಷ್ಟು ನೀರು ಬಿಡದಿದ್ದರೆ, ಮಳೆ ತಗ್ಗಿದ ಮೇಲೆ ಬರೀ ಕಲ್ಲೇ ಗತಿ.

ಆಚೆ ಕೇರಳದ ಘಟಕ ನಡೆಯುತ್ತಿಲ್ಲವೇ ಎಂದರೆ, ಅದು ಆ ರಾಜ್ಯದ ವಿಷಯ, ಇಲ್ಲಿ ಬೇಡ.

ಇನ್ನು ಕರೆಂಟಿನ ಮಾತು. ಮಳೆಗಾಲದಲ್ಲಿ ನಮ್ಮ ಮನೆಗಳು ಕತ್ತಲಾಗುವುದು ಮರ ಬಿದ್ದು 11 ಕೆವಿ ತಂತಿ ಹರಿಯುವುದರಿಂದ. ಹೊಳೆ ತುಂಬಿರುವಾಗಲೇ ತಂತಿ ನೆಲದ ಮೇಲೆ! ರೊಬಸ್ಟಾ ಕಾಫಿಯ ಹೂವಿಗೆ ಸ್ಪ್ರಿಂಕ್ಲರ್ ಹಾಕುವ ಫೆಬ್ರವರಿ, ಮಾರ್ಚ್‌ನಲ್ಲಿ ಪಂಪಿಗೆ ಕರೆಂಟು ಬೇಕು, ಆಗ ಹೊಳೆಯಲ್ಲಿ ನೀರು ಸೊರಗಿರುತ್ತದೆ. ಅದೇ ದುಡ್ಡಿನಲ್ಲಿ ಕಾಡಿನ ಹಾದಿಗಳಲ್ಲಿ ಕವಚದ ತಂತಿ ಎಳೆಯಲಿ, ಮೇ ಮುಗಿಯುವುದರೊಳಗೆ ಲೈನಿನ ಮೇಲಿನ ಕೊಂಬೆ ಕಡಿಸಲಿ.